ನೆತ್ತಿಯ ಮೇಲಿನ ಮಾತು

2008ರ ಮೇ ತಿಂಗಳವರೆಗೂ ಪ್ರಯಾಣಿಕರ ವಿಮಾನಗಳು ಮಾರತ್ತಹಳ್ಳಿಯ ನೆತ್ತಿಯ ಮೇಲೆ ತಗ್ಗಿ ಹಾರಿ ಎಚ್.ಎ.ಎಲ್. ನಿಲ್ದಾಣಕ್ಕೆ ಇಳಿಯುತ್ತಿದ್ದುವು. ಚಾಲಕರು ನೆಲದವರೊಡನೆ ಆಡುತ್ತಿದ್ದುದು, ಇಂದಿಗೂ ಎಲ್ಲೆಡೆ ಆಡುವುದು, ದನಿಗೆ ತಕ್ಕಂತೆ ಅಲೆಯ ಎತ್ತರವನ್ನು ಏರಿಳಿಸುವ ಹಳೆಯ ಎ.ಎಂ. ಪದ್ಧತಿಯಲ್ಲಿಯೇ. ಇಂಪಾದ ಎಫ್.ಎಂ. ಏಕಲ್ಲ? ಅದರಲ್ಲಿ ಬಲವಾದ ದನಿ ಕ್ಷೀಣ ದನಿಯನ್ನು ನುಂಗಿಬಿಡುತ್ತದೆ. ಎ.ಎಂ.ನಲ್ಲಿ ಇಬ್ಬರು ಒಮ್ಮೆಗೇ ಮಾತನಾಡಿದರೆ ಕೀರಲು ಸದ್ದೇಳುತ್ತದೆ. ಇನ್ನೊಬ್ಬನಿದ್ದಾನೆಂದು ಕೇಳುವವರಿಗೆ ಗೊತ್ತಾಗುತ್ತದೆ. ಆ ಕರ್ಕಶವನ್ನು ನಾನು ಯಾವ ಇಂಪಿಗೂ ಬಿಟ್ಟುಕೊಡಲಾರೆ!

ವಿಮಾನಗಳು ಹೆಚ್ಚಿದಂತೆ ಪದ್ಧತಿ ಬದಲಾಗಲಿಲ್ಲ, ಜಾಗ ಕಿರಿದಾಯಿತು. ಒಂದು ಸಂಭಾಷಣೆಗೆ 1947ರಲ್ಲಿ 200 ಕಿಲೋಹರ್ಟ್ಸ್ ಬಿಟ್ಟಿದ್ದರು, 1972ರಲ್ಲಿ 25, 1999ರಿಂದ ಯೂರೋಪಿನಲ್ಲಿ 8.33. ಮಾತಿಗೆ ಬೇಕಾದುದು ಎರಡೂ ಮಗ್ಗುಲು ಸೇರಿ ಸುಮಾರು ಆರೇ. ಮಿಕ್ಕುದು, ಯಂತ್ರಗಳು ಅಂಕೆ ತಪ್ಪಿ ಅಲೆದಾಡೀತೆಂದು ಬಿಟ್ಟ ಬಯಲು. ಯಂತ್ರ ನಿಖರವಾದಂತೆ ಬೇಲಿಗಳು ಹತ್ತಿರ ಬಂದುವು.