ಬೀದಿ ದೀಪದ ಕಂಬ ಜುಮ್ ಅಂತಿದೆಯಾ? ಹಗಲಲ್ಲಿ ಚೆಕ್ ಮಾಡಿದ್ರೆ ಗೊತ್ತಾಗಲ್ಲ

ಮಳೆಗಾಲ ಶುರುವಾದ್ರೆ ಈ ದೂರು ಗ್ಯಾರಂಟಿ. ಅಂಗಡಿ ಮುಂದಿನ ಕಬ್ಬಿಣದ ಕಂಬ ಮುಟ್ಟಿದ್ರೆ ಶಾಕ್ ಹೊಡೀತಿದೆ ಅಂತ ರಾತ್ರಿ ಫೋನ್ ಮಾಡ್ತಾರೆ. ಬೆಳಗ್ಗೆ ಲೈನ್‌ಮನ್ ಬಂದು ಟೆಸ್ಟರ್ ಇಟ್ಟು ನೋಡಿ, ಏನೂ ಇಲ್ಲ ಅಂತ ಹೋಗ್ತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ.

ಬಹಳಷ್ಟು ಕಡೆ ಬೀದಿ ದೀಪಕ್ಕೆ ಬೇರೆಯೇ ವೈರ್ ಇರುತ್ತದೆ. ಸಂಜೆ ಸ್ವಿಚ್ ಹಾಕಿದ ಮೇಲಷ್ಟೇ ಅದರಲ್ಲಿ ಕರೆಂಟ್ ಬರೋದು. ಕಂಬದೊಳಗೆ ಆ ವೈರ್‌ನ ಕವಚ ಸವೆದು ಕಬ್ಬಿಣಕ್ಕೆ ತಾಗಿದ್ದರೆ ಹಗಲಿಡೀ ಕಂಬ ಸುಮ್ಮನಿರುತ್ತೆ, ಕತ್ತಲಾದ ಮೇಲೆ ಜೀವ ತೆಗೆಯುತ್ತೆ. ಜೊತೆಗೆ ಮಳೆ ನಿಂತು ಒಣಗಿದ್ರೆ ಲೀಕೇಜ್ ಕೂಡ ಕಡಿಮೆಯಾಗುತ್ತದೆ. ಹಾಗಾಗಿ ದೂರು ಕೊಡುವಾಗ ಶಾಕ್ ಹೊಡೆದ ಸಮಯ, ಆಗ ದೀಪ ಉರಿಯುತ್ತಿತ್ತಾ, ಮಳೆ ಇತ್ತಾ, ಈ ಮೂರನ್ನೂ ಹೇಳಬೇಕು. ದೀಪ ಹಾಕಿಯೇ ಪರೀಕ್ಷೆ ಮಾಡಿ ಅಂತ ಒತ್ತಾಯಿಸಬೇಕು.

ಲೀಕ್ ಆದ್ರೆ ಫ್ಯೂಸ್ ಹೋಗಬೇಕಲ್ಲ ಅಂತ ಕೇಳುವವರಿದ್ದಾರೆ. ಹೋಗಲ್ಲ. ಕಂಬದ ಬುಡದ ಮಣ್ಣು 20 ಓಮ್ ತಡೆ ಒಡ್ಡಿದ್ರೆ 230 ವೋಲ್ಟ್‌ಗೆ ಹರಿಯುವುದು 11.5 ಆಂಪಿಯರ್ ಮಾತ್ರ. 16 ಆಂಪಿಯರ್ ಎಂಸಿಬಿ ಅದಕ್ಕೆ ಬೀಳೋದೇ ಇಲ್ಲ. ಆದರೆ ಮನುಷ್ಯನ ಎದೆಯ ಮೂಲಕ ಹಾದರೆ ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗವೂ ಹೃದಯ ನಿಲ್ಲಿಸೋಕೆ ಸಾಕು.

ಇನ್ನು ಟೆಸ್ಟರ್ ವಿಷಯ. ಹತ್ತಿಪ್ಪತ್ತು ರೂಪಾಯಿಯ ಟೆಸ್ಟರ್ ಉರಿದ್ರೆ ಅಪಾಯ ಅಂತಲೇ ತಿಳಿಯಬೇಕು, ಆದರೆ ಉರಿಯಲಿಲ್ಲ ಅಂದ್ರೆ ಸೇಫ್ ಅಂತ ಅಲ್ಲ. ಬಿಸಿಲಲ್ಲಿ ಅದರ ಬೆಳಕು ಕಾಣಲ್ಲ. ದಪ್ಪ ರಬ್ಬರ್ ಚಪ್ಪಲಿ ಹಾಕಿದ್ರೆ ಮಂಕಾಗುತ್ತೆ. 40-50 ವೋಲ್ಟ್‌ಗೆ ಅದು ಉರಿಯೋದೇ ಇಲ್ಲ, ಒದ್ದೆ ಮೈಗೆ ಅಷ್ಟೂ ಅಪಾಯ. ಮುಟ್ಟದೆಯೇ ಬೀಪ್ ಮಾಡೋ ಪೆನ್ ಟೆಸ್ಟರ್‌ಗೂ ಇಂಥದೇ ಮಿತಿ. ಕೈ ಹಿಂಭಾಗದಿಂದ ಮುಟ್ಟಿ ನೋಡೋ ಹಳೇ ಅಭ್ಯಾಸವಂತೂ ಪೂರ್ತಿ ಬಿಡಬೇಕು.

ಸರಿಯಾದ ಪರೀಕ್ಷೆ ಅಂದ್ರೆ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್‌ನ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ದೂರದ ಹಸಿ ಮಣ್ಣಲ್ಲಿ ನೆಟ್ಟ ಸರಳಿಗೆ ಇಟ್ಟು ಅಳೆಯೋದು. ಡಿಜಿಟಲ್ ಮೀಟರ್ ಸುಮ್ಸುಮ್ಮನೆ ವೋಲ್ಟ್ ತೋರಿಸೋದೂ ಉಂಟು. ಆಗ ಅದೇ ಎರಡು ತುದಿಗಳ ನಡುವೆ ಬಲ್ಬ್ ಸೇರಿಸಿ ನೋಡ್ತಾರೆ: ವೋಲ್ಟೇಜ್ ಕುಸಿದು ಸೊನ್ನೆಗೆ ಬಂದ್ರೆ ಅದು ಹುಸಿ, ಹಾಗೇ ನಿಂತ್ರೆ ನಿಜವಾದ ಲೀಕೇಜ್. ಇದು ಸಾರ್ವಜನಿಕರು ಮಾಡೋ ಕೆಲಸವಲ್ಲ.

ಕಂಬ ಎಸ್ಕಾಂನದು, ದೀಪ ಪಂಚಾಯಿತಿ ಅಥವಾ ಪುರಸಭೆಯದು. ಈ ನೆಪದಲ್ಲೇ ಎಷ್ಟೋ ದೂರುಗಳು ಅಲ್ಲಿಂದಿಲ್ಲಿಗೆ ಓಡಾಡುತ್ತವೆ. 1912ಕ್ಕೆ ಕಂಬದ ನಂಬರ್ ಸಮೇತ ಹೇಳಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ, ಪುರಸಭೆಗೂ ತಿಳಿಸಿ. ಯಾರಾದರೂ ಬರುವವರೆಗೆ ಪ್ಲಾಸ್ಟಿಕ್ ಡ್ರಮ್, ಮರದ ಬೆಂಚು ಅಡ್ಡ ಇಡಿ. ಕಂಬಕ್ಕೆ ಹಗ್ಗ ಕಟ್ಟೋದು, ಸೈಕಲ್ ಒರಗಿಸೋದು, ದನ ಕಟ್ಟೋದು ಬೇಡ.

ಎಲ್ಲವೂ ಕಂಬದ ತಪ್ಪಲ್ಲ. ತಗಡಿನ ಶೀಟ್‌ಗೆ ಉಜ್ಜುವ ಸರ್ವಿಸ್ ವೈರ್, ಅರ್ಥಿಂಗ್ ಇಲ್ಲದ ಕೂಲರ್, ಜ್ಯೂಸ್ ಮಷಿನ್, ನೇಮ್‌ಬೋರ್ಡ್ ಲೈಟ್‌ನಿಂದ ಅಂಗಡಿ ಶಟರ್‌ಗೂ ಕರೆಂಟ್ ಬರುತ್ತೆ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದ್ರೆ ಅಂಗಡಿಯೊಳಗಿನ ಇಂಥ ಲೀಕೇಜ್‌ಗೆ ತಾನೇ ಟ್ರಿಪ್ ಆಗುತ್ತೆ. ಹೊರಗಿನ ಕಂಬಕ್ಕೆ, ಮೀಟರ್‌ಗಿಂತ ಮೊದಲಿನ ವೈರ್‌ಗೆ ಅದು ಉಪಯೋಗಕ್ಕೆ ಬರಲ್ಲ. ಫ್ಲೆಕ್ಸ್ ಫ್ರೇಮ್‌ನದು ಇನ್ನೊಂದು ಕಥೆ: 2024ರ ಜನವರಿಯಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿಯಲ್ಲಿ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಂತಿ ತಗುಲಿ ಮೂವರು ಯುವಕರು ಸತ್ತರು.

ತುಂಡಾಗಿ ಬಿದ್ದ ತಂತಿಗೆ ಯಾವ ಟೆಸ್ಟೂ ಇಲ್ಲ, ದೂರ ಇರೋದೊಂದೇ. 2023ರ ನವೆಂಬರ್ 19ರಂದು ಬೆಂಗಳೂರಿನ ಕಾಡುಗೋಡಿ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು 9 ತಿಂಗಳ ಮಗು ಪ್ರಾಣ ಕಳೆದುಕೊಂಡರು. ಹತ್ತಿರದಲ್ಲಿದ್ದರೆ ಕಾಲು ಜೋಡಿಸಿ, ನೆಲದಿಂದ ಎತ್ತದೆ ಸರಿಸುತ್ತಾ ಹಿಂದೆ ಬನ್ನಿ. ದೊಡ್ಡ ಹೆಜ್ಜೆ ಹಾಕಿದ್ರೆ ಎರಡು ಕಾಲಿನ ನಡುವೆಯೇ ಕರೆಂಟ್ ಹರಿಯುತ್ತೆ. ದನಗಳು ಬೇಗ ಸಾಯೋದೂ ಅದಕ್ಕೇ, ಅವುಗಳ ಮುಂಗಾಲು ಹಿಂಗಾಲಿನ ಅಂತರ ಹೆಚ್ಚು. ಯಾರಿಗಾದರೂ ಶಾಕ್ ಹೊಡೆದಿದ್ರೆ ಲೈನ್ ಆಫ್ ಆಗೋ ತನಕ ಮುಟ್ಟಬೇಡಿ, ಆಮೇಲೆ ಉಸಿರಿಲ್ಲದಿದ್ರೆ ಎದೆ ಒತ್ತುತ್ತಾ 108ಕ್ಕೆ ಕರೆ ಮಾಡಿಸಿ.