ಹುಲಿಗೆ ಕಟ್ಟಿದ ಕ್ಯಾಮೆರಾ

ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್, ಜೇಬಿನಲ್ಲಿ ಲೊಕೇಶನ್ ಕೇಳುವ ಆಪ್. ನಮ್ಮ ಜಾಡು ಎಲ್ಲೋ ದಾಖಲಾಗುತ್ತಿದೆ ಅಂತ ನಮಗೆಲ್ಲ ಗೊತ್ತು. ಈ ಟ್ರ್ಯಾಕಿಂಗ್ ಕಥೆಯ ಒಂದು ಹಳೇ ಅಧ್ಯಾಯ ಮಾತ್ರ ನಡೆದದ್ದು ಬೆಂಗಳೂರಿನಲ್ಲಲ್ಲ, ಹುಣಸೂರು, ಎಚ್.ಡಿ. ಕೋಟೆ ತಾಲ್ಲೂಕುಗಳಿಗೆ ಚಾಚಿಕೊಂಡಿರುವ ನಾಗರಹೊಳೆ ಕಾಡಿನಲ್ಲಿ.

1990ರ ದಶಕದ ಆರಂಭದಲ್ಲಿ ಕೆ. ಉಲ್ಲಾಸ ಕಾರಂತರು ಅಲ್ಲಿ ಹುಲಿ ಎಣಿಸಲು ಕ್ಯಾಮೆರಾ ಟ್ರ್ಯಾಪ್ ಕಟ್ಟಿದರು. ಎದುರಿಗೆ ಹಾದದ್ದನ್ನು ತಾನೇ ಕ್ಲಿಕ್ಕಿಸುವ ಯಂತ್ರ ಅದು. ಬೆರಳಚ್ಚಿನ ಹಾಗೆ ಪ್ರತಿ ಹುಲಿಯ ಪಟ್ಟೆಯೂ ಬೇರೆ. ಫೋಟೋ ಹೋಲಿಸಿದರೆ ಯಾವ ಹುಲಿ, ಯಾವತ್ತು, ಎಲ್ಲಿತ್ತು ಅಂತ ತಿಳಿಯುತ್ತೆ. ಕಾರಂತರು 1995ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು; ಮುಂದೆ ದೇಶದ ಹುಲಿ ಗಣತಿಯೂ ಕ್ಯಾಮೆರಾ ಟ್ರ್ಯಾಪ್ ಬಳಸತೊಡಗಿತು.

ಆದರೆ ಸೆನ್ಸರ್‌ಗೆ ಹುಲಿ ಯಾವುದು, ಸೌದೆ ಹೊತ್ತ ಹೆಂಗಸು ಯಾರು ಅನ್ನೋ ಭೇದ ಇಲ್ಲ. ಉತ್ತರಾಖಂಡದ ಕಾರ್ಬೆಟ್ ಕಾಡಿನ ಬಗ್ಗೆ ಕೇಂಬ್ರಿಡ್ಜ್ ಸಂಶೋಧಕರು 2024ರಲ್ಲಿ ಬರೆದದ್ದು ಇದನ್ನೇ. ಕ್ಯಾಮೆರಾಗೆ ಅಂಜಿ ಅಲ್ಲಿನ ಹೆಂಗಸರು ಹಾಡಿನ ದನಿ ತಗ್ಗಿಸಿದ್ದರು. ಸದ್ದಿಲ್ಲದೆ ನಡೆದರೆ ಆನೆ, ಹುಲಿ ಎದುರಾಗುವ ಅಪಾಯವೇ ಹೆಚ್ಚು.

ಹಾಗಾದರೆ ಮನುಷ್ಯನ ಜಾಡು ಹಿಡಿಯೋದಕ್ಕೆ ಕಾನೂನಿನ ತಡೆ ಇಲ್ವಾ? 1962ರ ಖರಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪೊಲೀಸರು ರಾತ್ರಿ ಹೊತ್ತು ಮನೆಗೆ ಬಂದು ತಪಾಸಣೆ ಮಾಡೋದು ತಪ್ಪು ಅಂದಿತು. ಆದರೆ ಓಡಾಟದ ಮೇಲೆ ಕಣ್ಣಿಡೋದಕ್ಕೆ ಬಹುಮತದ ತೀರ್ಪು ಅಡ್ಡಿ ಮಾಡಲಿಲ್ಲ. ಖಾಸಗಿತನ ಮೂಲಭೂತ ಹಕ್ಕಲ್ಲ ಅಂತಲೂ ಹೇಳಿತು. ಅದನ್ನು ಅಳಿಸಲು 55 ವರ್ಷ ಬೇಕಾಯ್ತು. ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಗ ಅವರ ವಯಸ್ಸು 86. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಸಾರಿತು.

ಆಮೇಲೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ಪ್ರಕಾರ, ಒಪ್ಪಿಗೆ ಕೇಳುವಾಗ ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ 8ನೇ ಅನುಸೂಚಿಯ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ನಾಗರಹೊಳೆ ಸುತ್ತಲ ಹಾಡಿಗಳ ಜೇನು ಕುರುಬರ ನುಡಿ ಇಲ್ಲ. ಅದಕ್ಕಿಂತ ದೊಡ್ಡ ಕಿಂಡಿ ಇನ್ನೊಂದಿದೆ: ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಕ್ಕೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದು.

ಆಪ್ ಕೇಳಿದರೆ ನಾವು ‘ಬೇಡ’ ಅಂತ ಒತ್ತಬಹುದು. ಮರಕ್ಕೆ ಕಟ್ಟಿದ ಡಬ್ಬಿ ಯಾರನ್ನೂ ಕೇಳೋದಿಲ್ಲ. ಅದರಲ್ಲಿ ಸಿಕ್ಕ ಮನುಷ್ಯರ ಫೋಟೋ ಯಾರು ನೋಡಬೇಕು, ಎಷ್ಟು ದಿನ ಇಡಬೇಕು, ಯಾವಾಗ ಅಳಿಸಬೇಕು? 2017ರ ತೀರ್ಪು ನಗರದವರಿಗಷ್ಟೇ ಅಲ್ಲ ಅಂತಾದರೆ, ಈ ಪ್ರಶ್ನೆಗಳಿಗೆ ಉತ್ತರ ಹಾಡಿಯವರನ್ನು ಕೂರಿಸಿಕೊಂಡೇ ಬರೆಯಬೇಕು.