ಶುಕ್ಲ ಸಂವತ್ಸರದ ಹಂಚು

ನಮ್ಮ ಮನೆಯ ವಯಸ್ಸು ಕೇಳಿದವರಿಗೆ ಅಪ್ಪಯ್ಯ ಕೊಡುತ್ತಿದ್ದ ಉತ್ತರ ಒಂದೇ: 1865. ಅದಕ್ಕೆ ಸಾಕ್ಷಿಯೂ ಇತ್ತು. ಸಿದ್ದಾಪುರ ತಾಲೂಕಿನ ಆ ತೋಟದ ಮನೆಯ ಮಾಡಿನಿಂದ ಒಂದು ಹಂಚು ಇಳಿಸಿ ಮಗುಚಿದರೆ ಬಾಸೆಲ್ ಮಿಷನ್ನಿನ ಹೆಸರೂ ಅದರ ಜೊತೆಗೆ ಈ ಇಸವಿಯೂ ಉಬ್ಬಚ್ಚಿನಲ್ಲಿ ಕಾಣುತ್ತಿತ್ತು. ದೊಡ್ಡಪ್ಪ, ಚಿಕ್ಕಪ್ಪಂದಿರೂ ಅದನ್ನೇ ನಂಬಿದ್ದರು. ಪಡುವಣ ಗೋಡೆ ವಾಲಿ, ನಡುಮನೆಯ ಮುಚ್ಚಿಗೆ ಜೋತುಬಿದ್ದು, ದುರಸ್ತಿ ಮಾಡದೆ ಇನ್ನೊಂದು ಮಳೆಗಾಲ ಕಳೆಯುವುದು ಕಷ್ಟ ಎಂದಾದಾಗ ಈ ಇಸವಿಯ ಪ್ರಶ್ನೆ ಹರಟೆಯ ಮಾತಾಗಿ ಉಳಿಯಲಿಲ್ಲ. ಯಾವುದು ಮೂಲದ್ದು, ಯಾವುದು ಆಮೇಲೆ ಸೇರಿಸಿದ್ದು ಎಂದು ಗೊತ್ತಾಗದೆ ಯಾವುದನ್ನು ಉಳಿಸಬೇಕು, ಯಾವುದನ್ನು ಕಿತ್ತು ಹಾಕಬೇಕು ಎಂದು ಬಡಗಿಗೆ ಹೇಳುವುದಾದರೂ ಹೇಗೆ?

ಹಂಚಿನ ಸಾಕ್ಷಿ ಬೇಗನೆ ಬಿದ್ದುಹೋಯಿತು. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಅಚ್ಚಿನಲ್ಲಿರುವುದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಮಿಷನ್ನಿನ ಉದ್ಯಮಗಳನ್ನು ಕಿತ್ತುಕೊಂಡಿತು; ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಮಿಷನ್ನಿನ ಹೆಸರಿರುವ ಹಂಚು 1865ರಿಂದ ಯುದ್ಧದವರೆಗಿನ ಅರ್ಧ ಶತಮಾನದಲ್ಲಿ ಯಾವಾಗ ಬೇಕಾದರೂ ಆಗಿರಬಹುದು. ಅಷ್ಟರ ಮೇಲೆ, ಹಂಚಿನ ವಯಸ್ಸು ಮಾಡಿನ ವಯಸ್ಸಲ್ಲ, ಮಾಡಿನ ವಯಸ್ಸು ಗೋಡೆಯ ವಯಸ್ಸೂ ಅಲ್ಲ.

ಸರಕಾರಿ ಕಾಗದದ ಕಡೆ ಹೋದೆ. ಪಹಣಿಯಿಂದ ಹಿಂದಕ್ಕೆ ನಡೆದರೆ ಮ್ಯುಟೇಶನ್ ಪುಸ್ತಕ, ಅದರ ಹಿಂದೆ ಆಕಾರ್‌ಬಂದ್, ಇನ್ನೂ ಹಿಂದೆ ಸರ್ವೆಯವರು ಬರೆದ ಟಿಪ್ಪಣ. ಉತ್ತರ ಕನ್ನಡದಲ್ಲಿ ಈ ಹಾದಿಗೆ ಒಂದು ತಿರುವಿದೆ. 1862ರಲ್ಲಿ ಕೆನರಾ ಜಿಲ್ಲೆ ಎರಡಾಗಿ, ಬಡಗಣ ಭಾಗ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಸರ್ವೆ ಪದ್ಧತಿ, ಲೆಕ್ಕದ ನಮೂನೆ ಎರಡೂ ಬದಲಾದವು. ಹಕ್ಕುದಾಖಲೆಯ ಕಾಯ್ದೆಯನ್ನು ಮುಂಬಯಿ ಸರಕಾರ ತಂದದ್ದು 1903ರಲ್ಲಿ. ಅದಕ್ಕೂ ಮುಂಚೆ ಒಂದು ಜಮೀನು ಯಾರಿಂದ ಯಾರಿಗೆ ಹೋಯಿತು ಎಂದು ಮ್ಯುಟೇಶನ್ನಿನಲ್ಲಿ ಹುಡುಕಿ ಫಲವಿಲ್ಲ.

ಇಷ್ಟೆಲ್ಲ ಕಾಗದದಲ್ಲಿ ಮನೆ ಎಲ್ಲಿದೆ? ತೋಟಕ್ಕೆ ಆಕಾರವಿದೆ, ಗದ್ದೆಗೆ ಆಕಾರವಿದೆ, ಸೊಪ್ಪಿನ ಬೆಟ್ಟಕ್ಕೂ ನಂಬರಿದೆ. ಮನೆ ಇರುವುದು ಖರಾಬು ಎಂಬ ಕಾಲಮ್ಮಿನಲ್ಲಿ, ಕೆಲವೇ ಗುಂಟೆಯ ಅಂಕಿಯಾಗಿ. ಹಿಡುವಳಿದಾರನ ಮನೆ, ಕೊಟ್ಟಿಗೆ, ಕಣ ಇವೆಲ್ಲ ಸಾಗುವಳಿಗೆ ಯೋಗ್ಯವಲ್ಲದ ನೆಲ ಎಂದು ಕಂದಾಯದ ನಿಯಮವೇ ಹೇಳುತ್ತದೆ. ಹತ್ತಾರು ಬಾಣಂತನ ಕಂಡ, ಮೂರು ಹೊತ್ತು ಒಲೆ ಉರಿದ ಜಾಗ ಸರಕಾರದ ಲೆಕ್ಕದಲ್ಲಿ ತೆರಿಗೆಯಿಂದ ಕಳೆದುಬಿಡುವ ಅಂಕಿ ಮಾತ್ರ. ಆದರೂ ಆ ಅಂಕಿ ಕೈಬಿಡುವಂಥದ್ದಾಗಿರಲಿಲ್ಲ. ಸರ್ವೆಯ ಹೊತ್ತಿಗೆ ಅಲ್ಲಿ ಮನೆಯೂ ಕಣವೂ ಇದ್ದವು ಎಂದು ಅದರಿಂದ ಖಚಿತವಾಯಿತು. ಮನೆ ಹತ್ತೊಂಬತ್ತನೆಯ ಶತಮಾನದ್ದು ಎಂಬಷ್ಟರ ಮಟ್ಟಿಗೆ ಅಪ್ಪಯ್ಯನ ಮಾತು ನಿಂತಿತು.

ಮುಂದಿನ ಹೆಜ್ಜೆಗೆ ದಾರಿ ತೋರಿಸಿದ್ದು ಮೆತ್ತಿನ ಮೇಲಿದ್ದ ಹಲಸಿನ ಮರದ ಪೆಟ್ಟಿಗೆ. ಒರಲೆ ತಿಂದು ಉಳಿದದ್ದರಲ್ಲಿ ಮುತ್ತಜ್ಜನ ಕಿರ್ದಿ ಪುಸ್ತಕಗಳಿದ್ದವು. ಮೋಡಿ ಬರಹ, ರೂಪಾಯಿ ಆಣೆ ಪೈಗಳ ಲೆಕ್ಕ. ಓದಲು ಕಣ್ಣು ಪಳಗಿದ ಮೇಲೆ ವರ್ಷವರ್ಷವೂ ಮರುಕಳಿಸುವ ಒಂದು ಖರ್ಚು ಕಂಡಿತು: ಮಳೆಗಾಲಕ್ಕೆ ಮುಂಚೆ ಮಾಡಿಗೆ ಸೋಗೆ ಹೊದಿಸಿದ ಕೂಲಿ. ಅಂದರೆ ಆ ಮನೆಯ ಮೇಲೆ ಹಂಚೇ ಇರಲಿಲ್ಲ. ಒಂದು ವರ್ಷ ಈ ಕೂಲಿ ಥಟ್ಟನೆ ನಿಲ್ಲುತ್ತದೆ. ಅದೇ ವರ್ಷದ ಫಾಲ್ಗುಣ ಶುದ್ಧದಲ್ಲಿ ಬೇರೊಂದು ಖರ್ಚು: ಕುಮಟೆಯ ವಖಾರಿಯ ಹಳೇ ಹಂಚಿನ ಬಾಬ್ತು, ಘಟ್ಟ ಹತ್ತಿಸಿದ ಗಾಡಿ ಬಾಡಿಗೆ, ರೀಪು ಕೊಯ್ದವರ ಮಜೂರಿ. ತಲೆಬರಹದಲ್ಲಿ ಶುಕ್ಲ ಸಂವತ್ಸರ ಎಂದಿದೆ. ಶಕ ವರ್ಷ ಹಾಕಿಲ್ಲ, ಇಸವಿಯಂತೂ ಇಲ್ಲವೇ ಇಲ್ಲ.

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಶುಕ್ಲ 1869-70ರಲ್ಲೂ ಬಂದಿತ್ತು, 1929-30ರಲ್ಲೂ ಬಂದಿತ್ತು. ಮನೆಯವರೆಲ್ಲ ಮೊದಲನೆಯದಕ್ಕೇ ಒಲಿದರು, 1865ಕ್ಕೆ ಹತ್ತಿರವಲ್ಲವೇ! ಆದರೆ ಅದೇ ಕಿರ್ದಿಯ ಎರಡು ಹಾಳೆ ಹಿಂದೆ ಶಿರಸಿಯ ಸೊಸೈಟಿಯಿಂದ ಅಡಿಕೆ ಬಾಬ್ತು ಹಣ ಬಂದ ಜಮೆ ಇದೆ. ಅಡಿಕೆ ಬೆಳೆಗಾರರು ದಲಾಲರ ಹಿಡಿತದಿಂದ ಬಿಡಿಸಿಕೊಳ್ಳಲು ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿಕೊಂಡದ್ದು 1923ರಲ್ಲಿ. ಆ ಒಂದು ಸಾಲು ಅರವತ್ತು ವರ್ಷದ ಗೊಂದಲವನ್ನು ಬಗೆಹರಿಸಿತು. ಹಂಚು ಮನೆಯ ಮೇಲೆ ಏರಿದ್ದು 1930ರ ಮಾರ್ಚ್ ಮೊದಲ ಪಕ್ಷದ ಆಸುಪಾಸಿನಲ್ಲಿ.

ವಖಾರಿಯ ಹಳೇ ಹಂಚು ಎಂಬುದರ ಹಿಂದೆಯೂ ಒಂದು ಚರಿತ್ರೆಯಿದೆ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾಲವೊಂದಿತ್ತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ ಆ ವ್ಯಾಪಾರ ಉಕ್ಕಿತು. ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಎಂದೇ ಹೆಸರು ಬಿತ್ತು. ರೈಲು ಬಂದು ಹತ್ತಿ ಬೇರೆ ಬಂದರುಗಳ ದಾರಿ ಹಿಡಿದ ಮೇಲೆ ಕುಮಟೆಯ ವ್ಯಾಪಾರ ಇಳಿಯಿತು. ವಖಾರಿ ಕಳಚಿ ಹಂಚು ಮಾರಿದ್ದರಲ್ಲಿ ಆಶ್ಚರ್ಯವಿಲ್ಲ. ಯುದ್ಧಕ್ಕೆ ಮುಂಚಿನ ಮಿಷನ್ ಹಂಚು 1930ರ ಮಾಡಿಗೆ ಬಂದದ್ದು ಹೀಗಿರಬೇಕು. ನಮ್ಮ ಬಡಗಿ ಇದಕ್ಕೆ ತನ್ನದೇ ರುಜುವಾತು ಕೊಟ್ಟ. ಗೋಡೆಯ ಮೇಲಣ ತೊಲೆಯ ಮೈಯಲ್ಲಿ ಬಿದಿರಿನ ಗಳ ಕೂರುತ್ತಿದ್ದ ಹಳೆಯ ಕಚ್ಚುಗಳಿವೆ. ಈಗಿನ ಪಕಾಸುಗಳು ಆ ಕಚ್ಚುಗಳ ಲೆಕ್ಕಕ್ಕೆ ಎಲ್ಲೂ ಕೂಡಿಬರುವುದಿಲ್ಲ.

ಕಾಗದ ಇಲ್ಲಿಯವರೆಗೆ ತಂದಿತು. ಇನ್ನು ಜನ. ನೆಂಟರನ್ನು ಕೇಳಿ ಬರೆದುಕೊಳ್ಳುತ್ತ ಹೋದಂತೆ ಒಂದು ಸಂಗತಿ ಗಟ್ಟಿಯಾಗುತ್ತ ಬಂತು, ಇಂಥ ಕೆಲಸಕ್ಕೆ ಕೈಹಾಕುವವರು ಇದನ್ನು ಗಮನಿಸಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮನೆಯಲ್ಲೇ ಉಳಿದ ಗಂಡಸರ ನೆನಪಿನಲ್ಲಿ ಕಾಲದ ಪದರಗಳು ಒಂದರೊಳಗೊಂದು ಸೇರಿಹೋಗಿರುತ್ತವೆ. ದಿನಾ ನೋಡುವ ಗೋಡೆ ಮೊದಲು ಹೇಗಿತ್ತು ಎಂಬುದನ್ನು ಈಗಿನ ಗೋಡೆ ಅಳಿಸಿಬಿಡುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ನೆನಪು ಹಾಗಲ್ಲ. ದಿಬ್ಬಣ ಹೊರಟ ದಿನ ಇದ್ದ ಮನೆಯನ್ನೇ ಅವರು ಹೊತ್ತುಕೊಂಡು ಹೋಗಿರುತ್ತಾರೆ. ಮದುವೆಯ ವರ್ಷ ಗೊತ್ತಿದ್ದರೆ ಅವರ ನೆನಪಿಗೆ ತಾರೀಖು ತಾನಾಗಿಯೇ ಬೀಳುತ್ತದೆ. ಒಬ್ಬ ಅತ್ತೆ ಬಚ್ಚಲುಮನೆ ಹೊರಗಿತ್ತು ಎಂದರೆ, ಇನ್ನೊಬ್ಬ ಅತ್ತೆ ಒಳಗೇ ಇತ್ತು ಎಂದು ಪಟ್ಟು ಹಿಡಿದಳು. ಇಬ್ಬರೂ ಸರಿ. ಬಚ್ಚಲು ಒಳಗೆ ಬಂದದ್ದು ಅವರಿಬ್ಬರ ಮದುವೆಗಳ ನಡುವೆ.

ಸಣ್ಣಜ್ಜಿ ಎಂದು ನಾವೆಲ್ಲ ಕರೆಯುವ ಅಜ್ಜನ ತಂಗಿ ಈಗ ತೊಂಬತ್ತು ದಾಟಿದ್ದಾಳೆ. ನಾನು ಬರೆದುಕೊಂಡು ಹೋದ ನಕ್ಷೆಯನ್ನು ಕಣ್ಣಿನ ಹತ್ತಿರ ಹಿಡಿದು ಅಡುಗೆಮನೆಯ ಮೂಡಣ ಕಿಟಕಿಯ ಮೇಲೆ ಬೆರಳಿಟ್ಟಳು. “ಯನ್ನ ಮದುವೆ ಹೊತ್ತಿಗೆ ಈ ಕಿಟಕಿ ಇತ್ತಿಲ್ಲೆ. ಆಡಿ ಬೆಳೆದ ಮನೆ, ಯಂಗೆ ಗೊತ್ತಿಲ್ಯ ಕೂಸೆ?” ಆಮೇಲೆ ಹಂಚಿನ ಮಾತು ಬಂತು. ಹಳೆ ಹಂಚು ತಂದು ಹೊದಿಸಿದರು, ಮೊದಲ ಮಳೆಗೇ ಸೋರಿತು ಎಂದು ತನ್ನ ಆಯಿ ಹೇಳುತ್ತಿದ್ದುದು ಅವಳಿಗೆ ನೆನಪಿದೆ. ಕಿರ್ದಿಯ ವಿಷಯ ನಾನು ಅವಳಿಗೆ ಆಗಿನ್ನೂ ತಿಳಿಸಿರಲಿಲ್ಲ. “ಆದರೆ ನಾ ಆ ಮಾಡಿನ ಕೆಳಗೆ ಹುಟ್ಟಿದ್ದಲ್ಲ” ಎಂದಳು. ನೆಂಟರೊಬ್ಬರ ಮನೆಯ ಕೊಟ್ಟಿಗೆಗೆ ತಾಗಿದ ಕೋಣೆಯಲ್ಲಿ ಅವಳು ಹುಟ್ಟಿದ್ದು.

ಅವಳ ಜಾತಕ ಪೆಟ್ಟಿಗೆಯಲ್ಲೇ ಇತ್ತು. ಆಂಗೀರಸ ಸಂವತ್ಸರ, ಅಂದರೆ 1932-33. ಊರಿನ ಹೆಸರೂ ನಮ್ಮದಲ್ಲ.

ಆಗ ಬೇರೊಂದು ಕಂತೆ ನೆನಪಾಯಿತು. ತೀರ್ವೆ ಕಟ್ಟಿದ ಪಾವತಿಗಳನ್ನು ಮುತ್ತಜ್ಜ ದಾರಕ್ಕೆ ಪೋಣಿಸಿ ಇಡುತ್ತಿದ್ದ. ಸಾಲಿನಿಂದ ಸಾಲಿಗೆ ತಪ್ಪದೆ ಇರುವ ಆ ಕಂತೆಯಲ್ಲಿ ಮೂವತ್ತರ ದಶಕದ ಮೊದಲ ವರ್ಷಗಳ ಪಾವತಿ ಇಲ್ಲ. ಒರಲೆ ತಿಂದಿರಬೇಕೆಂದು ನಾವೆಲ್ಲ ಅಂದುಕೊಂಡಿದ್ದೆವು. ಮ್ಯುಟೇಶನ್ ಪುಸ್ತಕದ ಆ ಭಾಗವನ್ನು ಮತ್ತೆ ತೆಗೆಸಿ ನೋಡಿದಾಗ ಮುತ್ತಜ್ಜನ ಹೆಸರಿಗೆ ಗೆರೆ ಎಳೆದಿತ್ತು. ಕಬ್ಜೆದಾರ ಎಂಬಲ್ಲಿ ಸರಕಾರ, ಅದರ ಕೆಳಗೆ ಲಿಲಾವಿನಲ್ಲಿ ಕೊಂಡವರ ಹೆಸರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವರ ಮೊಮ್ಮಕ್ಕಳು ನಮ್ಮ ನೆರೆಯವರು.

ಸಿದ್ದಾಪುರ, ಅಂಕೋಲೆ ತಾಲೂಕುಗಳ ಕರನಿರಾಕರಣೆಯನ್ನು ಓದಿದವರಿಗೆ ಮುಂದಿನದು ತಿಳಿದದ್ದೇ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವಾಯಿತು. ಹಿಂದೆಯೇ ತೀರ್ವೆ ಕೊಡೆವು ಎಂಬ ಚಳವಳಿ ಹಬ್ಬಿತು, 1932ರಲ್ಲಿ ಮತ್ತೆ ಬಿರುಸಾಯಿತು. ಜಮೀನು, ದನಕರು, ಪಾತ್ರೆಪಗಡ ಜಪ್ತಿಯಾದವು. ಜಪ್ತಿಯ ಮಾಲು ಕೊಂಡವರ ಮನೆಯೆದುರು ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತರು. ಪುಸ್ತಕದಲ್ಲಿ ಓದಿದ್ದ ಈ ಚರಿತ್ರೆ ನಮ್ಮ ಹೊಸಿಲು ದಾಟಿ ಒಳಗೆ ಬಂದಿತ್ತೆಂದು ನನಗೆ ತಿಳಿದದ್ದು ಆ ಗೆರೆ ಎಳೆದ ಹೆಸರಿನಿಂದ. ಗಾಂಧೀಜಿ ದಂಡಿಗೆ ಹೆಜ್ಜೆ ಹಾಕಿದ್ದು 1930ರ ಮಾರ್ಚ್ 12ಕ್ಕೆ. ಕಿರ್ದಿಯ ಫಾಲ್ಗುಣ ಶುದ್ಧವೂ ಅದೇ ಪಕ್ಷ. ಇದ್ದಬದ್ದ ದುಡ್ಡನ್ನೆಲ್ಲ ಮಾಡಿಗೆ ಸುರಿದ ಮನುಷ್ಯ, ಆ ಹಂಚು ಎರಡು ಮೂರು ಮಳೆಗಾಲ ಕಾಣುವಷ್ಟರಲ್ಲಿ ಮನೆಯನ್ನೇ ಬಿಟ್ಟು ನಡೆದ. ಬಸುರಿ ಹೆಂಡತಿ ಜೊತೆಗಿದ್ದಳು. ಇದನ್ನು ಅವನು ಎಲ್ಲೂ ಬರೆದಿಟ್ಟಿಲ್ಲ. ಕಿರ್ದಿಯಲ್ಲಿ ಆ ವರ್ಷಗಳ ಹಾಳೆ ಖಾಲಿ.

ಜಪ್ತಿಯಾದ ಜಮೀನನ್ನು ಹಿಂದಿರುಗಿಸಲು ಮುಂಬಯಿ ಸರಕಾರ 1938ರಲ್ಲಿ ಕಾಯ್ದೆ ಮಾಡಿತು. ಬಹುಧಾನ್ಯ ಸಂವತ್ಸರದಲ್ಲಿ, 1938-39ರಲ್ಲಿ, ಕಿರ್ದಿ ಮತ್ತೆ ಶುರುವಾಗುತ್ತದೆ. ಮೊದಲ ಖರ್ಚು ಬಾಗಿಲಿನದು: ಹಲಗೆ, ಬೀಗ, ಬಡಗಿಯ ಕೂಲಿ. ಪ್ರಧಾನ ಬಾಗಿಲಿನ ಕೆಳಗಿನ ತೇಪೆಯನ್ನು ಕಳ್ಳರು ಒಡೆದದ್ದೆಂದು ಹೇಳಿ ನಮ್ಮನ್ನು ಮಲಗಿಸುತ್ತಿದ್ದರು. ಸಣ್ಣಜ್ಜಿ ಕೇಳಿ ತಲೆಯಾಡಿಸಿದಳು: ಕಳ್ಳರಲ್ಲ, ಜಪ್ತಿಯವರು.

ಇನ್ನೊಂದು ಕಾಗದ ಭೂನ್ಯಾಯಮಂಡಳಿಯದು. ಗೇಣಿ ಜಮೀನು 1974ರ ಮಾರ್ಚ್ 1ರಿಂದ ಸರಕಾರಕ್ಕೆ ಸೇರಿ, ಉಳುವವರು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟರಲ್ಲ, ಊರಿನ ಮಾತಿನಲ್ಲಿ ಡಿಕ್ಲರೇಷನ್ ಕೊಟ್ಟದ್ದು, ಆ ಕಡತದಲ್ಲಿ ನಮ್ಮ ಗದ್ದೆ ಮಾಡುತ್ತಿದ್ದವರ ಹೇಳಿಕೆಯಿದೆ. ಗೇಣಿ ಭತ್ತವನ್ನು ಮನೆಯ ಪಡುವಣ ಕಣದಲ್ಲಿ ಅಳೆದು ಕೊಡುತ್ತಿದ್ದೆವು, ಹೊರಜಗಲಿಗಿಂತ ಒಳಗೆ ಹೋದದ್ದಿಲ್ಲ ಎಂದು ಅದರಲ್ಲಿದೆ. ತೋಟ ನಮ್ಮಲ್ಲೇ ಉಳಿಯಿತು, ಗದ್ದೆ ಅವರದಾಯಿತು. ಆಗಬೇಕಾದದ್ದೇ. ಎರಡೂ ಮನೆಗಳ ನಡುವೆ ಬಹಳ ವರ್ಷ ಮಾತು ಕಡಿಮೆಯಿತ್ತು. ಹೇಳಿಕೆ ಕೊಟ್ಟವರ ಮಗ ಈಗ ಎಪ್ಪತ್ತರ ಮೇಲಿನವರು. ಕಡತದ ಪ್ರತಿ ತೋರಿಸಿದಾಗ ಅಪ್ಪನ ಹೆಬ್ಬೆಟ್ಟಿನ ಗುರುತನ್ನು ತುಂಬ ಹೊತ್ತು ನೋಡಿದರು. ಆಮೇಲೆ ಅವರು ಹೇಳಿದ್ದು ಬೇರೆ ಯಾವ ದಾಖಲೆಯಲ್ಲೂ ಇಲ್ಲದ್ದು. ಪಡುವಣ ಗೋಡೆಯ ಮಣ್ಣು ತುಳಿದು ಏರಿಸಿದ್ದು ಅವರ ಅಜ್ಜ. ಮಣ್ಣು ತಂದದ್ದು ಕೆಳಗಿನ ಕೆರೆಯ ಏರಿಯ ಆಚೆಯಿಂದ. ಹಿತ್ತಲಿನ ಮಣ್ಣು ಆ ಗೋಡೆಗೆ ಹಿಡಿಯುವುದಿಲ್ಲ. ಆ ಮನೆಯ ಒಳಗೆ ಕಾಲಿಡದವರಿಗೆ ಗೋಡೆಯ ಹೊಟ್ಟೆಯೊಳಗೆ ಏನಿದೆ ಎಂದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಈ ಸಲ ಅವರನ್ನು ನಡುಮನೆಯವರೆಗೆ ಕರೆದುಕೊಂಡು ಹೋದೆವು, ಗೋಡೆಯ ಬಿರುಕಿಗೆ ಅವರೇ ಕೈಹಾಕಿ ಮಣ್ಣು ತೆಗೆದು ತೋರಿಸಿದರು.

ದುರಸ್ತಿ ಈಗ ಹಾಗೆಯೇ ನಡೆಯುತ್ತಿದೆ. ಎಂಬತ್ತರ ದಶಕದಲ್ಲಿ ಮಣ್ಣುಗೋಡೆಗೆ ಬಳಿದಿದ್ದ ಸಿಮೆಂಟನ್ನು ಕೆತ್ತಿ ತೆಗೆದೆವು. ಗೋಡೆ ಹೀರಿದ ನೀರನ್ನು ಅದು ಹೊರಗೆ ಹೋಗಲು ಬಿಡದೆ ಬುಡವನ್ನು ಕೊಳೆಸಿತ್ತು. ಕೆರೆಯಾಚೆಯ ಮಣ್ಣನ್ನು ಕೊಳೆಹಾಕಿ, ತುಳಿದು, ಪಡುವಣ ಗೋಡೆಯನ್ನು ಮೊಣಕಾಲೆತ್ತರದಿಂದ ಮತ್ತೆ ಏರಿಸುತ್ತಿದ್ದೇವೆ. ಮೇಲಿನ ಲೇಪಕ್ಕೆ ಸುಣ್ಣ. ತೊಲೆಗಳಿಗೆ ಒರಲೆ ತಾಗದಂತೆ ಗೇರೆಣ್ಣೆ. ಸೋಗೆಯ ಮಾಡನ್ನು ಮರಳಿ ತರೋಣ, ಅದೇ ಮೂಲದ್ದು ಎಂದು ಬೆಂಗಳೂರಿನ ಸೋದರರೊಬ್ಬರು ವಾದಿಸಿದರು. ನಾನು ಒಪ್ಪಲಿಲ್ಲ. ಕುಮಟೆಯ ಹಂಚು ಈ ಮನೆಯ ಚರಿತ್ರೆಯಲ್ಲಿ ಗೋಡೆಯಷ್ಟೇ ದೊಡ್ಡ ಪಾಲು ಪಡೆದಿದೆ. ಒಡೆದವನ್ನು ಬಿಟ್ಟು ಉಳಿದ ಮಿಷನ್ ಹಂಚನ್ನೆಲ್ಲ ಹೊರಜಗಲಿಯ ಮೇಲೆ ಕೂಡಿಸಿದ್ದೇವೆ. ಬಾಗಿಲಿನ ತೇಪೆಯನ್ನೂ ಮುಟ್ಟಬಾರದೆಂದು ಬಡಗಿಗೆ ಹೇಳಿದ್ದೇನೆ.

ಅಡುಗೆಮನೆಯ ಕಿಟಕಿಯದು ಇನ್ನೂ ಇತ್ಯರ್ಥವಾಗಿಲ್ಲ. ಅದನ್ನು ತೆಗೆಸಿದ್ದು ಅಜ್ಜಿ, ಹೊಗೆಯಲ್ಲಿ ಕಣ್ಣು ಹೋಗುತ್ತದೆಂದು ಜಗಳವಾಡಿ, ಎಂದು ಇಬ್ಬರು ಅತ್ತೆಯಂದಿರು ಹೇಳುತ್ತಾರೆ. ಯಾವ ವರ್ಷ ಎಂಬುದಕ್ಕೆ ಕಿರ್ದಿಯಲ್ಲಿ ಖರ್ಚು ಕಾಣುವುದಿಲ್ಲ. ಹುಟ್ಟಿದ ಹೆಣ್ಣುಮಕ್ಕಳ ಜಾತಕ ನಮ್ಮ ಪೆಟ್ಟಿಗೆಯಲ್ಲಿದೆ. ಬಂದ ಸೊಸೆಯಂದಿರ ಕಾಗದಪತ್ರ ಅವರವರ ತವರಿನಲ್ಲಿ. ಅಜ್ಜಿ ತನ್ನ ಅಣ್ಣನಿಗೆ ಬರೆಯುತ್ತಿದ್ದ ಕಾರ್ಡುಗಳು ಯಲ್ಲಾಪುರದ ಕಡೆಯ ಆ ಮನೆಯ ಮೆತ್ತಿನಲ್ಲಿ ಉಳಿದಿರಬಹುದು ಎಂದು ಅಲ್ಲಿಯವರು ಫೋನು ಮಾಡಿದ್ದಾರೆ. ಅಡಿಕೆ ಕೊಯ್ಲು ಮುಗಿಯುತ್ತಲೇ ಅಲ್ಲಿಗೆ ಹೋಗುವುದಿದೆ.